ಒಂದೇ ಮನೆ, ಮೂರು ಆದಾಯ

ಪಕ್ಕದ ಮನೆಯ ಅಜ್ಜಿ ತಮ್ಮ ಕಾಗದಪತ್ರಗಳನ್ನೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ, ಒಂಚೂರು ನೋಡಪ್ಪ ಎಂದು ಆ ಕವರನ್ನು ನಮ್ಮ ಜಗಲಿಯ ಮೇಲೆ ಸುರಿದಾಗ ಅದರಲ್ಲಿ ಮೂರು ಆದಾಯಗಳು ಸಿಕ್ಕವು. ಪಿಂಚಣಿಗೆಂದು ನಾಡಕಚೇರಿಯಲ್ಲಿ ಮಾಡಿಸಿದ್ದ ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 24,000 ರೂಪಾಯಿ. ಮೊಮ್ಮಗಳ ಸ್ಕಾಲರ್‌ಶಿಪ್‌ಗೆಂದು ಮಗನ ಹೆಸರಿನಲ್ಲಿ ಮಾಡಿಸಿದ್ದರಲ್ಲಿ 96,000. ಅದೇ ಮಗ ಬೈಕ್ ಸಾಲಕ್ಕಾಗಿ ಫೈನಾನ್ಸ್‌ನವರಿಗೆ ಬರೆದುಕೊಟ್ಟ ಅರ್ಜಿಯ ಜೆರಾಕ್ಸ್‌ನಲ್ಲಿ ತಿಂಗಳಿಗೇ 22,000. ಒಂದೇ ಮನೆ, ಒಂದೇ ಒಲೆ.

“ಇದರಲ್ಲಿ ಯಾವುದಜ್ಜಿ ನಿಜ?” ಅಂದೆ.

“ಯಾರು ಏನು ಕೇಳಿದ್ರೋ ಅದನ್ನ ಬರೆಸಿದ್ವಪ್ಪ. ಅವನದು ಗಾರೆ ಕೆಲ್ಸ. ಒಂದ್ ವಾರ ಇರ್ತದೆ, ಒಂದ್ ವಾರ ಇರಲ್ಲ. ಮಳೆ ಹಿಡ್ಕಂಡ್ರೆ ತಿಂಗಳೇ ಇರಲ್ಲ. ಎಷ್ಟು ಅಂತ ಹೇಳೋದು?”

ಅಜ್ಜಿ ಸುಳ್ಳು ಹೇಳುತ್ತಿರಲಿಲ್ಲ. ಸಂಬಳದ ಚೀಟಿ ಇಲ್ಲದವರ ಆದಾಯ ಎಷ್ಟು ಎಂಬುದು ಅವರಿಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ಆದರೆ ಕರ್ನಾಟಕದಲ್ಲಿ ಬಡವರಿಗೆಂದು ಇರುವ ಹೆಚ್ಚುಕಮ್ಮಿ ಪ್ರತಿಯೊಂದು ಸೌಲಭ್ಯದ ಬಾಗಿಲಲ್ಲೂ ಮೊದಲು ಕೇಳುವುದು ಇದೇ ಗೊತ್ತಿಲ್ಲದ ಸಂಖ್ಯೆಯನ್ನು. ಗೊತ್ತಿಲ್ಲದ್ದನ್ನು ಅಳೆಯಲು ಆಗದು. ಹಾಗಾಗಿ ವ್ಯವಸ್ಥೆ ಅಳೆಯುವುದು ಕಾಗದವನ್ನು. ಬಿಪಿಎಲ್ ಕಾರ್ಡ್ ರದ್ದಾದ, ಗೃಹಲಕ್ಷ್ಮಿ ಹಣ ಬಾರದ, ಪಿಂಚಣಿ ನಿಂತ ಪ್ರಕರಣಗಳನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಬಡತನದ ಬಗ್ಗೆ ತಕರಾರು ಇರುವುದು ಕಡಿಮೆ. ಎರಡು ಕಾಗದಗಳು ಒಂದಕ್ಕೊಂದು ಹೊಂದದಿರುವುದೇ ಹೆಚ್ಚು.

ಮೊದಲು ಗೆರೆಗಳನ್ನು ನೋಡೋಣ. ಸಂಧ್ಯಾ ಸುರಕ್ಷಾದಂಥ ವೃದ್ಧಾಪ್ಯ ಪಿಂಚಣಿಗೆ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ಬಿಪಿಎಲ್ ಕಾರ್ಡ್‌ಗೆ, ಅಂದರೆ ಇಲಾಖೆಯ ಭಾಷೆಯ ಆದ್ಯತಾ ಪಡಿತರ ಚೀಟಿಗೆ, ಕುಟುಂಬದ ಆದಾಯ 1.20 ಲಕ್ಷದೊಳಗಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್‌ಗೆ 2.5 ಲಕ್ಷ. ಕೇಂದ್ರದ ಇಡಬ್ಲ್ಯೂಎಸ್, ಅಂದರೆ ಆರ್ಥಿಕವಾಗಿ ದುರ್ಬಲರ ಮೀಸಲಾತಿಗೆ 8 ಲಕ್ಷ. ಗೃಹಲಕ್ಷ್ಮಿಗೆ ಇಂಥ ಮೊತ್ತವೇ ಇಲ್ಲ, ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿರಬಾರದು, ಅಷ್ಟೆ. ಶಕ್ತಿ ಯೋಜನೆಯ ಬಸ್ಸಿನಲ್ಲಂತೂ ಯಾರೂ ಆದಾಯ ಕೇಳುವುದಿಲ್ಲ, ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಒಂದು ಕಡೆ ಬಡವರನ್ನು ಹುಡುಕಿ ಒಳಗೆ ಬಿಡುವ ಪರೀಕ್ಷೆ, ಇನ್ನೊಂದು ಕಡೆ ಉಳ್ಳವರನ್ನಷ್ಟೇ ಹೊರಗಿಡುವ ಪರೀಕ್ಷೆ, ಮತ್ತೊಂದು ಕಡೆ ಪರೀಕ್ಷೆಯೇ ಇಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲವೂ ‘ಸರ್ಕಾರದ ಸ್ಕೀಮು’. ಅರ್ಜಿ ಹಾಕುವವರಿಗೆ ಇವುಗಳ ನಡುವಿನ ವ್ಯತ್ಯಾಸವೇ ಎಲ್ಲ.

ಈ ಪೈಕಿ ಅತ್ಯಂತ ಮುಖ್ಯವಾದದ್ದು 1.20 ಲಕ್ಷದ ಗೆರೆ. ತಿಂಗಳಿಗೆ ಹತ್ತು ಸಾವಿರ. ತಿಂಗಳಲ್ಲಿ 26 ದಿನ ಕೆಲಸ ಎಂದು ಹಿಡಿದರೆ ದಿನಕ್ಕೆ 385 ರೂಪಾಯಿ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370. ಒಬ್ಬರೇ ಒಬ್ಬರು ವರ್ಷವಿಡೀ ಆ ಕೂಲಿಗೆ ದುಡಿದರೂ 1,15,440 ರೂಪಾಯಿ ಆಗುತ್ತದೆ, ಗೆರೆ ಮುಟ್ಟಲು ಐದು ಸಾವಿರವೂ ಬಾಕಿ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿದರೆ ಮುಗಿಯಿತು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಹಾಕುವ ಹೆಂಗಸಿಗೆ ಕಾನೂನು ಪ್ರಕಾರ ಕೊಡಲೇಬೇಕಾದ ಕನಿಷ್ಠ ವೇತನ ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚು. ಅಂದರೆ ಸರ್ಕಾರದ ಒಂದು ಇಲಾಖೆ ‘ಇದಕ್ಕಿಂತ ಕಡಿಮೆ ಕೊಟ್ಟರೆ ಅಪರಾಧ’ ಎನ್ನುವ ಸಂಬಳವನ್ನು ಪಡೆದವರು, ಇನ್ನೊಂದು ಇಲಾಖೆಯ ಲೆಕ್ಕದಲ್ಲಿ ಬಡವರಲ್ಲ. ಮನೆಯಲ್ಲಿ ಇಬ್ಬರಿರಲಿ, ಎಂಟು ಜನರಿರಲಿ, ಗೆರೆ ಮಾತ್ರ ಅದೇ.

ಈ ಗೆರೆಯನ್ನು ಅಕ್ಷರಶಃ ಎಳೆದರೆ ಕೂಲಿ ಮಾಡುವ ಅರ್ಧ ನಾಡು ಆಚೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಅದನ್ನು ಅಕ್ಷರಶಃ ಎಳೆಯುವುದಿಲ್ಲ. ವಿ.ಎ. ಸಾಹೇಬರು, ಅಂದರೆ ಗ್ರಾಮ ಆಡಳಿತಾಧಿಕಾರಿ, ಕೇಳುತ್ತಾರೆ, ಅರ್ಜಿದಾರರು ಒಂದು ಸಂಖ್ಯೆ ಹೇಳುತ್ತಾರೆ, ಕಂದಾಯ ನಿರೀಕ್ಷಕರು ಒಪ್ಪುತ್ತಾರೆ, ತಹಶೀಲ್ದಾರರ ಸಹಿಯೊಡನೆ ಪ್ರಮಾಣಪತ್ರ ಬರುತ್ತದೆ. ಅದಕ್ಕೆ ಐದು ವರ್ಷ ಬೆಲೆ. ಗಾರೆ ಕೆಲಸದವನ ಈ ವಾರದ ದುಡಿಮೆ ಮುಂದಿನ ವಾರಕ್ಕೆ ನಿಲ್ಲದಿದ್ದರೂ ಕಾಗದದ ಮೇಲಿನ ಬಡತನ ಐದು ವರ್ಷ ಅಲುಗಾಡುವುದಿಲ್ಲ. ನನಗೆ ಇದರಲ್ಲಿ ಭ್ರಷ್ಟಾಚಾರಕ್ಕಿಂತ ಒಂದು ಬಗೆಯ ಸಾರ್ವಜನಿಕ ಒಪ್ಪಂದ ಕಾಣುತ್ತದೆ. ಗೆರೆ ಅಸಾಧ್ಯವಾದದ್ದು, ಹಾಗಾಗಿ ಸಂಖ್ಯೆ ಸ್ವಲ್ಪ ಬಾಗಲಿ ಎಂಬ ಒಪ್ಪಂದ.

ಆದರೆ ಒಪ್ಪಂದ ಎಷ್ಟು ದಿನ ನಡೆದೀತು? ಆದಾಯ ಗೊತ್ತಾಗದಿದ್ದರೆ ಕಣ್ಣಿಗೆ ಕಾಣುವುದನ್ನು ಎಣಿಸೋಣ ಎಂದು ಆಹಾರ ಇಲಾಖೆ ಕೆಲವು ಗುರುತುಗಳನ್ನು ಇಟ್ಟುಕೊಂಡಿದೆ. ಮನೆಯಲ್ಲಿ ಸರ್ಕಾರಿ ನೌಕರರು ಇರಬಾರದು, ಆದಾಯ ತೆರಿಗೆ ಕಟ್ಟುವವರು ಇರಬಾರದು. ಹಳ್ಳಿಯಲ್ಲಾದರೆ ಮೂರು ಹೆಕ್ಟೇರ್ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಮೀರಬಾರದು. ಪಟ್ಟಣದಲ್ಲಾದರೆ ಸಾವಿರ ಚದರಡಿಗಿಂತ ದೊಡ್ಡ ಸ್ವಂತ ಪಕ್ಕಾ ಮನೆ ಇರಬಾರದು. ನಾಲ್ಕು ಚಕ್ರದ ವಾಹನ ಇರಬಾರದು, ಹೊಟ್ಟೆಪಾಡಿಗೆ ಓಡಿಸುವ ಒಂದು ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಅಥವಾ ಟ್ರ್ಯಾಕ್ಟರ್ ಬಿಟ್ಟು. ಜನರ ಮಾತಿನಲ್ಲಿ ಹೇಳುವುದಾದರೆ ಹಳದಿ ಬೋರ್ಡ್ ಆದರೆ ಸರಿ, ಬಿಳಿ ಬೋರ್ಡ್ ಆದರೆ ಕಾರ್ಡ್ ಹೋಯಿತು.

ಬಿಳಿ ಬೋರ್ಡ್‌ನ ಕಥೆ ಸ್ವಲ್ಪ ನೋಡಿ. ಕೈಯಿಂದ ಕೈಗೆ ಬಂದ ಹಳೆಯ ಮಾರುತಿ 800 ಇಟ್ಟುಕೊಂಡು ಸಂತೆಗೆ ಸೊಪ್ಪು ಸಾಗಿಸುವವನು ಈ ಲೆಕ್ಕದಲ್ಲಿ ಉಳ್ಳವನು. ಎರಡು ಲಕ್ಷದ ಬೈಕ್ ಓಡಿಸುವವನು ಅಲ್ಲ, ಏಕೆಂದರೆ ಅದಕ್ಕೆ ಎರಡೇ ಚಕ್ರ. ಮಾರಿಬಿಟ್ಟ ಕಾರಿನ ಆರ್‌ಸಿ ವರ್ಗಾವಣೆ ಆಗದೆ ಹಳೆಯ ಹೆಸರಿನಲ್ಲೇ ಉಳಿದಿದ್ದರೆ ಇಲ್ಲದ ಕಾರಿಗೂ ಕಾರ್ಡ್ ಹೋಗಬಹುದು. ಮೊದಲು ಇದನ್ನೆಲ್ಲ ಪತ್ತೆ ಹಚ್ಚಲು ಯಾರಾದರೂ ಮನೆ ಬಾಗಿಲಿಗೆ ಬರಬೇಕಿತ್ತು. ಈಗ ಆಧಾರ್ ಸಂಖ್ಯೆಯೊಂದು ಸಾಕು, ಸಾರಿಗೆ, ತೆರಿಗೆ, ಭೂಮಿ ದಾಖಲೆಗಳು ಒಂದನ್ನೊಂದು ಮಾತಾಡಿಸುತ್ತವೆ. ಅಜ್ಜಿಯ ಕವರಿನಲ್ಲಿದ್ದ ಮೂರು ಆದಾಯಗಳು ಇಷ್ಟು ವರ್ಷ ಒಂದರ ಮುಖ ಒಂದು ನೋಡಿರಲಿಲ್ಲ. ಇನ್ನು ನೋಡಲಿವೆ.

2024ರ ನವೆಂಬರ್‌ನಲ್ಲಿ ಆದದ್ದು ಇದೇ. ದತ್ತಾಂಶ ತಾಳೆ ಹಾಕಿ ಅನರ್ಹರನ್ನು ತೆಗೆಯುತ್ತೇವೆಂದು ಹೊರಟ ಇಲಾಖೆ ದೊಡ್ಡ ಪ್ರಮಾಣದಲ್ಲಿ ಬಿಪಿಎಲ್ ಕಾರ್ಡ್‌ಗಳನ್ನು ರದ್ದು ಮಾಡಿತು, ಎಪಿಎಲ್‌ಗೆ ಬದಲಿಸಿತು. ಜನ ತಾಲ್ಲೂಕು ಕಚೇರಿಗಳ ಮುಂದೆ ಸಾಲುಗಟ್ಟಿದರು. ಕೊನೆಗೆ ಸರ್ಕಾರವೇ ಹಿಂದೆ ಸರಿದು, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವುದಾಗಿ ಹೇಳಬೇಕಾಯಿತು.

ಆ ಗಲಾಟೆಯಲ್ಲಿ ಬಯಲಾದ ಒಂದು ಗೊಂದಲ ಇನ್ನೂ ತಿಳಿಯಾಗಿಲ್ಲ. ರಿಟರ್ನ್ಸ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಬ್ಯಾಂಕ್ ಸಾಲ ಬೇಕೆಂದರೆ ಎರಡು ಮೂರು ವರ್ಷದ ರಿಟರ್ನ್ಸ್ ತನ್ನಿ ಎನ್ನುತ್ತಾರೆ. ಕಡಿತವಾದ ಟಿಡಿಎಸ್ ವಾಪಸ್ ಬೇಕೆಂದರೂ ಸಲ್ಲಿಸಬೇಕು. ಹೀಗೆ ಒಂದು ಪೈಸೆ ತೆರಿಗೆ ಕಟ್ಟದವರೂ ತೆರಿಗೆ ದಾಖಲೆಯಲ್ಲಿ ಕಾಣಿಸಿಕೊಳ್ಳುತ್ತಾರೆ, ಅಲ್ಲಿಂದ ‘ತೆರಿಗೆ ಪಾವತಿದಾರ’ ಎಂಬ ಹಣೆಪಟ್ಟಿ ಗೃಹಲಕ್ಷ್ಮಿಯ ಪಟ್ಟಿಗೂ ಬಂದುಬಿಡುತ್ತದೆ. ಹೀಗೆ ಹಣ ನಿಂತ ಹೆಂಗಸರು ತಾವು ತೆರಿಗೆ ಕಟ್ಟುತ್ತಿಲ್ಲ ಎಂದು ತಾವೇ ಸಾಬೀತು ಮಾಡಬೇಕು. ಇಲ್ಲದ್ದನ್ನು ಇಲ್ಲ ಎಂದು ತೋರಿಸುವ ಕಾಗದ ಹುಡುಕುವುದು ಎಷ್ಟು ಕಷ್ಟ ಎಂದು ಅಲೆದವರನ್ನೇ ಕೇಳಬೇಕು. ಕೈಯಲ್ಲಿರಬೇಕಾದದ್ದು ಇಷ್ಟು: ಆ ವರ್ಷದ ರಿಟರ್ನ್ಸ್ ಪ್ರತಿ, ಅದರಲ್ಲಿ ಕಟ್ಟಬೇಕಾದ ತೆರಿಗೆ ಸೊನ್ನೆ ಎಂದಿರುವ ಪುಟ, ಅದರ ಜೊತೆಗೊಂದು ಮನವಿ. ಗೃಹಲಕ್ಷ್ಮಿಯದಾದರೆ ಅದು ಹೋಗಬೇಕಾದದ್ದು ಆಹಾರ ಇಲಾಖೆಗಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ. ಅರ್ಧ ಜನ ಅಲೆಯುವುದು ತಪ್ಪು ಕಚೇರಿಗೇ.

ಇದರ ಇನ್ನೊಂದು ಮಗ್ಗುಲು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಂಬಳಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ನಿಯಮದ ಅಕ್ಷರ ನೋಡಿದರೆ ತಿಂಗಳಿಗೆ ತೊಂಬತ್ತು ಸಾವಿರ ತರುವವನ ಹೆಂಡತಿಯೂ ತೆರಿಗೆ ಕಟ್ಟದ ಮನೆಯವಳೇ. ಒಂದೇ ರಾಜ್ಯದಲ್ಲಿ ಅಕ್ಕಿಯ ಗೆರೆ 1.2 ಲಕ್ಷ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯ ಗೆರೆ 12 ಲಕ್ಷದ ಹತ್ತಿರ. ಹೆಚ್ಚುಕಮ್ಮಿ ಹತ್ತು ಪಟ್ಟು. ಎರಡನೆಯದನ್ನು ಕೆಳಗಿಳಿಸಿ ಎಂದು ನಾನು ಹೇಳುತ್ತಿಲ್ಲ. ಮೊದಲನೆಯದು ಏಕೆ ಅಷ್ಟು ತಗ್ಗಿನಲ್ಲಿ ಕೂತಿದೆ ಎಂಬುದು ಪ್ರಶ್ನೆ.

ಅದಕ್ಕೆ ಉತ್ತರದ ಒಂದು ಭಾಗ ದೆಹಲಿಯಲ್ಲಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮೀಣ ಜನರಲ್ಲಿ ಶೇ 75, ನಗರದವರಲ್ಲಿ ಶೇ 50 ಮಂದಿಗೆ ಎಂದು ಪಾಲು ಕಟ್ಟಿತು. ಲೆಕ್ಕ 2011ರ ಜನಗಣತಿಯದ್ದು. ಆ ಪ್ರಕಾರ ಕರ್ನಾಟಕಕ್ಕೆ ಸಿಕ್ಕಿದ್ದು ಸುಮಾರು 4.01 ಕೋಟಿ ಜನರ ಕೋಟಾ. ಆಮೇಲೆ ಹುಟ್ಟಿದ ಮಕ್ಕಳು, ಬೇರೆಯಾದ ಮನೆಗಳು, ನಗರಕ್ಕೆ ಗುಳೆ ಬಂದವರು ಯಾರೂ ಈ ಸಂಖ್ಯೆಯನ್ನು ಹಿಗ್ಗಿಸಲಾರರು. ಅಂದಮೇಲೆ ಇದು ಪರೀಕ್ಷೆಗಿಂತ ಹೆಚ್ಚಾಗಿ ಸೀಟು. ನೀವು ಪಾಸಾದರೂ ಸೀಟು ಖಾಲಿ ಇರಬೇಕು. ಹೊಸ ಬಿಪಿಎಲ್ ಕಾರ್ಡ್‌ಗೆ ಅರ್ಜಿ ಹಾಕುವ ಕಿಟಕಿ ತೆರೆಯುವುದೇ ಅಪರೂಪ, ತೆರೆದರೂ ಕೆಲವೇ ಹೊತ್ತು ಏಕೆ ಎಂದು ಗ್ರಾಮ ಒನ್‌ನ ಹುಡುಗರನ್ನು ಬೈಯುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಇದಕ್ಕೆ ಒಂದು ಪಕ್ಕದ ಬಾಗಿಲಿದೆ. ವಲಸೆ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಸಂಘಟಿತ ಕಾರ್ಮಿಕರ ಪೋರ್ಟಲ್ ಆದ ಇ-ಶ್ರಮ್‌ನಲ್ಲಿ ನೋಂದಾಯಿಸಿದವರಿಗೆ ಕೋಟಾದ ನೆಪ ಹೇಳದೆ ರೇಷನ್ ಕಾರ್ಡ್ ಕೊಡಿ ಎಂದು ರಾಜ್ಯಗಳಿಗೆ ಆದೇಶಿಸಿತ್ತು. ಕಾರ್ಡ್ ಇಲ್ಲದ ಕೂಲಿಯವರು ಮೊದಲು ಆ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು.

ನೆರೆಯ ತಮಿಳುನಾಡು ಪಡಿತರದಲ್ಲಿ ಬಡವ, ಬಲ್ಲಿದ ಎಂದು ವಿಂಗಡಿಸಲಿಲ್ಲ, ಹೆಚ್ಚಿನ ಖರ್ಚನ್ನು ತಾನೇ ಹೊತ್ತು ಎಲ್ಲರಿಗೂ ಅಂಗಡಿ ತೆರೆದಿಟ್ಟಿತು. ಅಲ್ಲಿ ಅಕ್ಕಿ ಬೇಡದವರು ಸಕ್ಕರೆ ಕಾರ್ಡ್ ಪಡೆದು ತಾವಾಗಿ ದೂರ ಉಳಿಯುತ್ತಾರೆ. ನಮ್ಮಲ್ಲಿ ಅದು ಅಷ್ಟು ಸುಲಭವಲ್ಲ, ಏಕೆಂದರೆ ಬಿಪಿಎಲ್ ಕಾರ್ಡ್ ಅಕ್ಕಿಯ ಕಾರ್ಡ್ ಆಗಿ ಉಳಿದಿಲ್ಲ. ಅದು ಬೀಗದ ಕೈ ಗೊಂಚಲು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಉಚಿತ, ಎಪಿಎಲ್ ಆದರೆ ನಿಗದಿತ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ದುಡಿಯುವ ಯಜಮಾನ ಅರವತ್ತಕ್ಕೆ ಮೊದಲೇ ತೀರಿಕೊಂಡರೆ ಬಿಪಿಎಲ್ ಮನೆಗೆ ಸಿಗುವ 20,000 ರೂಪಾಯಿಯ ಕೇಂದ್ರ ನೆರವಿಗೂ ಇದೇ ಕಾರ್ಡ್. ‘ಅಕ್ಕಿ ಬೇಡಪ್ಪ, ಆಸ್ಪತ್ರೆಗೆ ಬೇಕು’ ಎನ್ನುವವರು ಎಷ್ಟೋ ಮಂದಿ. ಅಂಥವರಿಗೆ ಒಂದು ಎಚ್ಚರಿಕೆ: 2025ರ ಜುಲೈನಲ್ಲಿ ಕೇಂದ್ರ ಪಡಿತರ ನಿಯಂತ್ರಣ ಆದೇಶವನ್ನು ತಿದ್ದಿದ ಮೇಲೆ, ಆರು ತಿಂಗಳು ಪಡಿತರ ಒಯ್ಯದ ಕಾರ್ಡ್ ತಾತ್ಕಾಲಿಕವಾಗಿ ನಿಲ್ಲುತ್ತದೆ, ಆಮೇಲೆ ಪರಿಶೀಲನೆ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರು ಇಲ್ಲಿಯೇ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಪಡಿತರ ಪಡೆಯಬಹುದು. ಕಾರ್ಡ್ ಊರಿನದೇ ಆಗಿರಲಿ, ಅದನ್ನು ಜೀವಂತ ಇಡಲು ಊರಿಗೇ ಹೋಗಬೇಕಿಲ್ಲ.

ಹೆಬ್ಬೆಟ್ಟಿನ ವಿಷಯ ಬಂತು. ಸಿಮೆಂಟ್ ಕಲಸಿದ, ಊದಿನಕಡ್ಡಿ ಹೊಸೆದ ಬೆರಳುಗಳ ಗೆರೆ ಮಿಷನ್ನಿಗೆ ಸಿಗುವುದಿಲ್ಲ. ಅಂಗಡಿಯವರು ಒದ್ದೆ ಬಟ್ಟೆ ಕೊಟ್ಟು ‘ಒರೆಸಿ ಇನ್ನೊಂದ್ ಸಲ ಇಡಮ್ಮ’ ಎನ್ನುತ್ತಾರೆ, ನಾಲ್ಕನೇ ಸಲಕ್ಕೆ ‘ನಾಳೆ ಬಾ, ಸರ್ವರ್ ಇಲ್ಲ’ ಎನ್ನುತ್ತಾರೆ. ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬುದು 2018ರ ಆಧಾರ್ ತೀರ್ಪಿನಲ್ಲೇ ಇದೆ. ಒಟಿಪಿಯ ದಾರಿಯೂ ಇದೆ, ಆಧಾರ್‌ಗೆ ಈಗಿನ ಮೊಬೈಲ್ ನಂಬರ್ ಜೋಡಿಸಿದ್ದರೆ.

ಇನ್ನು ಕುಟುಂಬ ಅಂದರೆ ಯಾರು ಎಂಬ ತಂಟೆ. ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬಿದ, ಮನೆಯ ಹಿರಿಯ ಹೆಂಗಸೇ ಕಾರ್ಡಿನ ಮುಖ್ಯಸ್ಥೆ. ಗೃಹಲಕ್ಷ್ಮಿ ಆ ಮುಖ್ಯಸ್ಥೆಗೇ ಎಂದಾದಾಗ, 2023ರಲ್ಲಿ, ಅತ್ತೆಗೋ ಸೊಸೆಗೋ ಎಂದು ಟಿವಿಯಲ್ಲೂ ಜಗಲಿಯಲ್ಲೂ ವಾದ ನಡೆಯಿತು, ಒಲೆ ಬೇರೆ ಮಾಡಿ ಕಾರ್ಡ್ ಬೇರೆ ಮಾಡಿಸುವ ಓಡಾಟವೂ ಶುರುವಾಯಿತು. ತಮಾಷೆ ಆಚೆಗಿರಲಿ, ಅತ್ತೆ ತೀರಿಕೊಂಡ ಮನೆಯಲ್ಲಿ ಹಣ ತಾನಾಗಿ ಸೊಸೆಗೆ ಬರುವುದಿಲ್ಲ. ಮರಣ ಪ್ರಮಾಣಪತ್ರ ಕೊಟ್ಟು, ಕಾರ್ಡಿನಲ್ಲಿ ಹೆಸರು ತೆಗೆಸಿ, ಹೊಸ ಮುಖ್ಯಸ್ಥೆಯನ್ನು ಸೇರಿಸಿ, ಆಮೇಲೆ ಗೃಹಲಕ್ಷ್ಮಿಗೆ ಹೊಸದಾಗಿ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ, ವರ್ಷ ಕಳೆದುಹೋಗುತ್ತದೆ.

ಅರ್ಜಿ ಹಾಕುವಾಗ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಚೀಟಿ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗಳಿಗೆ ಅರ್ಜಿ ತೆಗೆದುಕೊಂಡ ಕೂಡಲೇ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತು ಸಂಖ್ಯೆ) ಇರುವ ಸ್ವೀಕೃತಿ ಕೊಡಬೇಕು, ಎಷ್ಟು ದಿನದಲ್ಲಿ ಕೆಲಸ ಆಗಬೇಕೆಂಬುದೂ ಅದರಲ್ಲಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಪರಿಹಾರ ಕೇಳಿದವರನ್ನು ನಾನು ನೋಡಿಲ್ಲ. ಆದರೆ ‘ಸಕಾಲದಲ್ಲಿ ಮೇಲ್ಮನವಿ ಹಾಕ್ತೀನಿ ಸಾರ್’ ಎಂದಾಗ ಕಡತ ಕದಲಿದ್ದನ್ನು ನೋಡಿದ್ದೇನೆ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ‘ನಿಮ್ದು ಆಗಲ್ಲಮ್ಮ’ ಎಂಬ ಬಾಯಿಮಾತಿನ ಮೇಲೆ ಯಾವ ಮೇಲ್ಮನವಿಯೂ ನಿಲ್ಲುವುದಿಲ್ಲ. ಪಡಿತರದ ದೂರಿಗೆ 1967, ಪಿಂಚಣಿಗೆ ಕಂದಾಯ ಇಲಾಖೆಯ 155245. ಪಡಿತರದಲ್ಲಿ ಜಿಲ್ಲಾ ಮಟ್ಟದ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇವೆ, ಅಲ್ಲಿಯವರೆಗೆ ಹೋಗುವವರು ವಿರಳ.

ಹೆಸರಿನ ಸ್ಪೆಲಿಂಗ್ ಬಗ್ಗೆ ಬರೆದರೆ ಇನ್ನೊಂದು ಲೇಖನವೇ ಆದೀತು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಸ್ಕಾಲರ್‌ಶಿಪ್ ಪೋರ್ಟಲ್ ಮುಂದಕ್ಕೆ ಹೋಗುವುದಿಲ್ಲ. ಜೂನ್‌ಗೆ ಮೊದಲೇ ಸರಿ ಮಾಡಿಸಿ, ಅಷ್ಟೆ.

ಅಜ್ಜಿಯ ಪಿಂಚಣಿಗೆ ಮರಳುತ್ತೇನೆ. ಅವರಿಗೆ ಅರವತ್ತೈದು ದಾಟಿ ಬಹಳ ವರ್ಷವಾಗಿದೆ, ಬರಬೇಕಾದದ್ದು ತಿಂಗಳಿಗೆ 1,200. ಅರ್ಹತೆಯಲ್ಲಿ ತೊಂದರೆ ಇರಲಿಲ್ಲ, ಹಣ ರದ್ದೂ ಆಗಿರಲಿಲ್ಲ. ನಾಲ್ಕು ತಿಂಗಳಿಂದ ಪಿಂಚಣಿ ತಪ್ಪದೆ ಜಮೆಯಾಗುತ್ತಿತ್ತು, ಬೇರೆ ಬ್ಯಾಂಕಿನಲ್ಲಿ. ಸ್ತ್ರೀಶಕ್ತಿ ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದಾಗ ಅಲ್ಲಿನವರು ಆಧಾರ್ ಜೋಡಿಸಿದ್ದರು. ನೇರ ನಗದು ವರ್ಗಾವಣೆ ನಡೆಯುವುದು ಆಧಾರ್ ಮೇಲೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಎಂದು ಬರೆದಿಡುವ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ ಕಡೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೆ. ಅರ್ಜಿಯಲ್ಲಿ ಬರೆದ ಖಾತೆ ನಂಬರಿಗೆ ಅಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುವ ಸಂಗತಿಗೆ ಅಜ್ಜಿ ಆರು ಸಲ ಬಸ್ ಹತ್ತಿ ಅಂಚೆ ಕಚೇರಿಗೂ ತಾಲ್ಲೂಕು ಕಚೇರಿಗೂ ಅಲೆದಿದ್ದರು. ಪುಣ್ಯಕ್ಕೆ ಬಸ್ ಫ್ರೀ.

ಆ ಸಂಘದ ಪಾಸ್‌ಬುಕ್ಕನ್ನು ಎಂಟ್ರಿ ಹಾಕಿಸಿಕೊಂಡು ಬಂದ ದಿನ ಅಜ್ಜಿ ಖುಷಿಯಾಗಿದ್ದರು. ಪಿಂಚಣಿಯ ಜೊತೆಗೆ ಗೃಹಲಕ್ಷ್ಮಿಯ ಕಂತೂ ಅಲ್ಲಿಗೇ ಬಂದಿತ್ತು. ಕಾರ್ಡಿನ ಯಜಮಾನಿ ಅವರೇ. ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು, ಕೊನೆಗೆ ನಾನೇ ಕೂಡಿ ಹೇಳಿದೆ: ಎಲ್ಲ ಕಂತೂ ಬಂದರೆ ಪಿಂಚಣಿ ವರ್ಷಕ್ಕೆ 14,400, ಗೃಹಲಕ್ಷ್ಮಿ 24,000, ಒಟ್ಟು 38,400.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕವರಿನೊಳಗಿಂದ ಆ ಹಳೆಯ ಆದಾಯ ಪ್ರಮಾಣಪತ್ರ ತೆಗೆದು, “ಇದರ ಐದ್ ವರ್ಷ ಬರೋ ಯುಗಾದಿಗೆ ಮುಗೀತದೆ ಅಂದಿದ್ಯಲ್ಲಪ್ಪ. ಹೊಸದು ಮಾಡ್ಸುವಾಗ ಮೂವತ್ತೆರಡು ಸಾವಿರ ದಾಟಬಾರದಲ್ವಾ? ಈ ದುಡ್ಡನ್ನೂ ಆದಾಯ ಅಂತ ಬರೆಸ್ಬೇಕೇನು?” ಅಂದರು.

“ವಿ.ಎ. ಕೇಳಿದ್ರೆ ನೋಡೋಣ ಅಜ್ಜಿ” ಅಂದೆ.